ಪೀಲಾ ಕೇಕಿಗೆ ಅಷ್ಟು ಹೆಸರು ಯಾಕೆ?

ಸೇಡಂನ ತರಕಾರಿ ಬಜಾರಿನಲ್ಲಿ ಹೋದ ತಿಂಗಳು ನನಗೆ ಬದನೆಕಾಯಿ ಸಿಗಲಿಲ್ಲ.

ಬದನೆಕಾಯಿ ಇತ್ತು. ಬುಟ್ಟಿ ತುಂಬ ಇತ್ತು. ಎಣ್ಣೆಗಾಯಿಗೆ ಹೇಳಿ ಮಾಡಿಸಿದಂಥ ಮುಳ್ಳುಬದನೆ. ಆದರೆ ಹನ್ನೆರಡು ವರ್ಷದಿಂದ ನನಗೆ ತರಕಾರಿ ಕೊಡುವ ಮಹಾದೇವಿ ತಕ್ಕಡಿ ಮುಟ್ಟಲಿಲ್ಲ. ಕೊತ್ತಂಬರಿ ಸಿವುಡಿನ ಮೇಲೆ ನೀರು ಚಿಮುಕಿಸುತ್ತ ಕೂತಳು. ಎರಡು ಸಲ ಕೇಳಿದೆ. ಮೂರನೇ ಸಲಕ್ಕೆ ತಲೆ ಎತ್ತಿದಳು.

“ನಮ್ಮೂರ ಕೇಕ್ ಛಲೋ ಇಲ್ಲಂತ ಪೇಪರ್‌ನಾಗ ಬರದೀರಂತಲ್ರಿ ಅಕ್ಕೋರ. ನಾಳಿ ನನ್ನ ಬದನಿಕಾಯಿ ಮ್ಯಾಲೂ ಬರೀತೀರಿ. ಬ್ಯಾಡ್ರಿ, ಬ್ಯಾರೆ ಕಡಿ ತಗೋರಿ.”

(ಅಕ್ಕೋರು ಅಂದರೆ ನಮ್ಮ ಕಡೆ ಟೀಚರಮ್ಮ. ರಿಟೈರ್ ಆದರೂ ಈ ಹೆಸರು ಬಿಡುವುದಿಲ್ಲ.)

ಮಹಾದೇವಿಯ ತವರು ಶಹಾಬಾದ. ಅದು ನನಗೆ ಅವತ್ತೇ ಗೊತ್ತಾದದ್ದು.

ನಾನು ಏನು ಬರೆದಿದ್ದೆ ಎಂದು ನೆನಪಿಲ್ಲದವರಿಗೆ ಹೇಳಿಬಿಡುತ್ತೇನೆ. ಚಿತ್ತಾಪುರದಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮಗಳ ನಿಶ್ಚಿತಾರ್ಥ. ಊಟ ಮುಗಿದ ಮೇಲೆ ಎಲ್ಲರಿಗೂ ಪೇಪರ್ ಪ್ಲೇಟಿನಲ್ಲಿ ಪೀಲಾ ಕೇಕ್ ಹಂಚಿದರು. ಬಾಯಿಗೆ ಇಟ್ಟೆ. ಸಕ್ಕರೆ. ಬರೀ ಸಕ್ಕರೆ. ಅದರ ಹಿಂದಿನಿಂದ ಮೆಲ್ಲಗೆ ತಳ ಹಿಡಿದ ಹಾಲಿನ ವಾಸನೆ. ಸುತ್ತ ನೋಡಿದೆ. ಎಲ್ಲರೂ “ಏನ್ ಛಲೋ ಅದ, ಶಹಾಬಾದಿಂದು ಶಹಾಬಾದಿಂದೇ” ಎನ್ನುತ್ತಿದ್ದರು. ಕೈ ತೊಳೆಯುವ ಜಾಗದ ಡಬ್ಬದಲ್ಲಿ ಇಣುಕಿದೆ. ಪ್ಲೇಟುಗಳಲ್ಲಿ ಅರ್ಧರ್ಧ ಕೇಕ್ ಹಾಗೇ ಬಿದ್ದಿತ್ತು. ಹೊಗಳಿಕೆ ಪೂರ್ತಿ, ತಿಂದದ್ದು ಅರ್ಧ.

ಅದನ್ನೇ ಬರೆದೆ. ನಿಶ್ಚಿತಾರ್ಥಗಳ ಆಡಂಬರದ ಬಗ್ಗೆ ಇದ್ದ ಅಂಕಣದಲ್ಲಿ ನಡುವೆ ನಾಲ್ಕೇ ಸಾಲು. ಕೊನೆಯ ಸಾಲು ಹೀಗಿತ್ತು: “ನಾವೀಗ ತಿನ್ನುತ್ತಿರುವುದು ಕೇಕನ್ನಲ್ಲ, ಅದರ ಹೆಸರನ್ನು.” ಬರೆದಾಗ ನನಗೆ ಆ ಸಾಲು ಬಹಳ ಹಿಡಿಸಿತ್ತು.

ಪೀಲಾ ಕೇಕ್ ತಿಳಿಯದವರು ಈ ಸೀಮೆಯಲ್ಲಿ ಕಡಿಮೆ. ಆದರೂ ಹೊರಗಿನವರೂ ಈ ಅಂಕಣ ಓದುತ್ತಾರೆ ಎಂಬ ಆಸೆ ನನಗಿದೆ. ಪೀಲಾ ಅಂದರೆ ಹಳದಿ. ಅಂಗೈಯಗಲದ ಚೌಕದ ಕೇಕು. ಮೆತ್ತಗಿನ ಎರಡು ಪದರ, ನಡುವೆ ಬೆರಳು ದಪ್ಪ ಕಸ್ಟರ್ಡ್. ಎಮ್ಮೆಯ ಹಾಲು, ತತ್ತಿಯ ಹಳದಿ, ಸಕ್ಕರೆ, ಒಂದಿಷ್ಟು ಜಾಜಿಕಾಯಿ. ಶಹಾಬಾದದ ಒಂದು ಹಳೆಯ ಬೇಕರಿಯಲ್ಲಿ ಮಾತ್ರ ಮಾಡುತ್ತಾರೆ. ಬೇರೆಯವರು ಮಾಡಿ ನೋಡಿದ್ದಾರೆ, ಯಾರೂ ಕೊಳ್ಳಲಿಲ್ಲ. ವಾಡಿಯಲ್ಲಿ ಗಾಡಿ ಬದಲಿಸುವವರ ಕೈಯಲ್ಲಿ, ಚಿಂಚೋಳಿಗೆ ಹೋಗುವ ಬಸ್ಸಿನ ಸೀಟಿನ ಮೇಲೆ, ದಾರ ಕಟ್ಟಿದ ಆ ರಟ್ಟಿನ ಡಬ್ಬಿ ಕಂಡರೆ ಯಾರದೋ ಮನೆಯಲ್ಲಿ ಒಳ್ಳೆಯದೇನೋ ನಡೆಯುತ್ತಿದೆ ಎಂದು ಅರ್ಥ.

ನಮ್ಮ ಮನೆಯಲ್ಲಿ ತತ್ತಿ ತಿನ್ನುವುದಿಲ್ಲ. ಪೀಲಾ ಕೇಕ್ ತಿನ್ನುತ್ತೇವೆ. ಈ ಎರಡು ವಾಕ್ಯಗಳನ್ನು ನಮ್ಮಲ್ಲಿ ಯಾರೂ ಒಂದೇ ಉಸಿರಿನಲ್ಲಿ ಹೇಳುವುದಿಲ್ಲ. ಅವ್ವ ಡಬ್ಬಿಯನ್ನು ಅಡಿಗೆಮನೆಯೊಳಗೆ ಬಿಡುತ್ತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂಡಿಸಿ ಹಂಚುತ್ತಿದ್ದಳು. ಕೈ ತೊಳೆದೇ ಒಳಗೆ ಬರಬೇಕು. ಅವಳೂ ತಿನ್ನುತ್ತಿದ್ದಳು, ನಮಗೆ ಬೆನ್ನು ಮಾಡಿ.

ಅಂಥ ಕೇಕಿನ ಬಗ್ಗೆ ನಾಲ್ಕು ಸಾಲು ಬರೆದರೆ ಏನಾಗಬೇಕೋ ಅದೇ ಆಯಿತು.

ವಾಡಿಯಿಂದ ಒಬ್ಬ ನಿವೃತ್ತ ರೈಲ್ವೆ ಗಾರ್ಡ್ ಫೋನ್ ಮಾಡಿ, ನನ್ನ ನಾಲಿಗೆಯನ್ನು ಒಮ್ಮೆ ಡಾಕ್ಟರಿಗೆ ತೋರಿಸಲು ಸಲಹೆ ಕೊಟ್ಟರು. ಚಿಂಚೋಳಿಯಲ್ಲಿರುವ ನನ್ನ ನಾದಿನಿ ಎರಡು ವಾರ ಮಾತಾಡಲಿಲ್ಲ. ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ನನ್ನ ಫೋಟೋ ಪಕ್ಕ ಕೇಕಿನ ಫೋಟೋ ಹಾಕಿ, ಇಬ್ಬರಲ್ಲಿ ಯಾರು ಬೇಕು ಎಂದು ಕೇಳಿದರು. (ಕೇಕು ಗೆದ್ದಿತು. ನನ್ನ ಯಜಮಾನರೂ ಅದಕ್ಕೇ ವೋಟು ಹಾಕಿದ್ದಾರೆಂದು ಅನುಮಾನ.)

ನನ್ನ ಪರವಾಗಿಯೂ ಮೆಸೇಜು ಬಂದವು. ನಮಗೂ ಹಾಗೇ ಅನ್ನಿಸಿತ್ತು, ಎರಡು ವರ್ಷದಿಂದ ರುಚಿ ಕೆಟ್ಟಿದೆ, ಒಳ್ಳೆಯದಾಯಿತು ಬರೆದದ್ದು ಎಂದು. ಎಲ್ಲ ಪರ್ಸನಲ್ ಮೆಸೇಜು. ಗ್ರೂಪಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಅಂಕಣ ಬಂದ ನಾಲ್ಕನೇ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಇನ್ನೊಂದು ಫೋನ್ ಬಂತು. ಹೆಂಗಸಿನ ದನಿ. ಬೈಗುಳಕ್ಕೆ ಸಿದ್ಧಳಾಗಿ ಕೂತೆ. ಆಕೆ ಬೈಯಲಿಲ್ಲ. ತಾನು ಶಾಂತಮ್ಮ, ಆ ಬೇಕರಿ ನಡೆಸುವ ಅಂಬಣ್ಣನವರ ಹೆಂಡತಿ ಎಂದರು. ಅಂಗಡಿಯ ಗಲ್ಲೆಯ ಮೇಲೆ ತಾನೇ ಕೂಡುವುದಂತೆ. ಕೇಕು ಕೊಂಡವರೊಬ್ಬರು ಪೇಪರ್ ತಂದು ತೋರಿಸಿದರಂತೆ.

“ಹಾಲು ಹೊತ್ತಿದ ವಾಸನಿ ಬಂತು ಅಂತ ಬರದೀರಿ. ಖರೇನ ಬಂತೇನ್ರಿ ಅಕ್ಕೋರ?”

ಬಂತು ಎಂದೆ.

“ಸುಮ್ನ ಬರೀಲಿಕ್ಕೆ ಛಂದ ಕಾಣತದಂತ ಬರದಿಲ್ಲಲ್ರಿ?”

ಈ ಪ್ರಶ್ನೆಯನ್ನು ನನ್ನ ಸಂಪಾದಕರು ಕೂಡ ಯಾವತ್ತೂ ಕೇಳಿಲ್ಲ. ಇಲ್ಲ, ನಿಜವಾಗಿಯೂ ಬಂತು ಎಂದೆ. ಹಾಗಾದರೆ ಒಮ್ಮೆ ಶಹಾಬಾದಕ್ಕೆ ಬರಬೇಕು, ಬೇಕರಿಯಲ್ಲೇ ಕೂತು ತಿಂದು ನೋಡಬೇಕು ಎಂದರು. ದನಿಯಲ್ಲಿ ಸವಾಲು ಇರಲಿಲ್ಲ. ಅದೇ ನನ್ನನ್ನು ಹೊರಡಿಸಿದ್ದು.

ಮರುದಿನ ಬೆಳಿಗ್ಗೆ ಪ್ಯಾಸೆಂಜರ್ ಹತ್ತಿದೆ. ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಶಹಾಬಾದ. ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಕೇಕು ಯಾವತ್ತಾದರೂ ನಿಜಕ್ಕೂ ಅಷ್ಟು ಚೆನ್ನಾಗಿತ್ತೇ? ಅಥವಾ ಚಿಕ್ಕವರಿದ್ದಾಗ ತಿಂಗಳಿಗೆ ಒಂದೇ ಸಲ ಸಿಗುತ್ತಿತ್ತು ಎಂಬ ಕಾರಣಕ್ಕೆ ಚೆನ್ನಾಗಿತ್ತೇ? ನನ್ನಪ್ಪ ವಾಡಿಯಲ್ಲಿ ಗುಮಾಸ್ತರಾಗಿದ್ದರು. ಸಂಬಳದ ವಾರ ಡಬ್ಬಿ ತರುತ್ತಿದ್ದರು. ಆ ರುಚಿಯಲ್ಲಿ ಕೇಕಿನ ಪಾಲೆಷ್ಟು, ಅಪ್ಪ ಮನೆಗೆ ಬಂದ ಖುಷಿಯ ಪಾಲೆಷ್ಟು? ಅದನ್ನು ಈಗ ಯಾರು ಬೇರೆ ಮಾಡಿ ಹೇಳಬೇಕು?

ಬೇಕರಿ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಎದುರಿಗೆ ಗಾಜಿನ ಕಪಾಟು, ಅದರ ಹಿಂದೆ ಗಲ್ಲೆ. ಒಂದು ಬಾಗಿಲು ದಾಟಿದರೆ ಒಳಗಿನ ಕೋಣೆ. ಅಲ್ಲಿ ಉದ್ದಕ್ಕೆ ನುಣುಪಾದ ಪರ್ಸಿ ಕಲ್ಲಿನ ಹಾಸು, ಅದರ ಮೇಲೆ ಕೇಕುಗಳು ಆರುತ್ತಿದ್ದವು. ಅದರಾಚೆ ಹಿತ್ತಲಿನಲ್ಲಿ ಕಟ್ಟಿಗೆಯ ಭಟ್ಟಿ. ಭಟ್ಟಿಯ ಪಕ್ಕದಲ್ಲೇ ಕಸ್ಟರ್ಡ್ ಕಾಯಿಸುವ ಗ್ಯಾಸ್ ಒಲೆ. ಮುಂದಿನ ಗಲ್ಲೆಯ ತನಕ ಬರುವುದು ಕಟ್ಟಿಗೆ ಹೊಗೆಯ ವಾಸನೆಯೊಂದೇ.

ಶಾಂತಮ್ಮ ಐವತ್ತೈದರ ಆಸುಪಾಸಿನವರು. ದಪ್ಪ ಕುಂಕುಮ, ಚುರುಕು ಕಣ್ಣು. ಅಂಬಣ್ಣ ಅವರಿಗಿಂತ ಏಳೆಂಟು ವರ್ಷ ದೊಡ್ಡವರು. ಎತ್ತರದ ಆಳು, ಮೊಣಕೈ ತನಕ ಹಿಟ್ಟು. ನನ್ನನ್ನು ನೋಡಿ ನಮಸ್ಕಾರ ಮಾಡಿದರು. ಮುಖದಲ್ಲಿ ನಗು ಇರಲಿಲ್ಲ. ಯಾಕಿರಬೇಕು?

“ಬರ್ರಿ, ಕುಂದ್ರಿ” ಎಂದು ಒಳಗಿನ ಕೋಣೆಯಲ್ಲಿ ಸ್ಟೂಲು ತೋರಿಸಿದರು. ಪರ್ಸಿಯ ಮೇಲಿಂದ ಒಂದು ಕೇಕು ಎತ್ತಿ ಪ್ಲೇಟಿನಲ್ಲಿಟ್ಟು ನನ್ನ ಮುಂದೆ ಹಿಡಿದರು. ಕೈಕಟ್ಟಿ ನಿಂತರು.

ನಲವತ್ತು ವರ್ಷ ಮಕ್ಕಳ ಪರೀಕ್ಷೆ ಮಾಡಿದವಳು ನಾನು. ಅವತ್ತು ಪರೀಕ್ಷೆ ನನ್ನದೇ ಅನ್ನಿಸಿತು.

ತಿಂದೆ. ಚಿತ್ತಾಪುರದಲ್ಲಿ ತಿಂದದ್ದೇ ರುಚಿ. ಮೇಲಿನ ಪದರ ಹತ್ತಿಯಂತೆ ಮೆತ್ತಗೆ, ಅದರಲ್ಲಿ ಎರಡು ಮಾತಿಲ್ಲ. ಕಸ್ಟರ್ಡ್ ಮಾತ್ರ ಬಾಯಿ ಕಟ್ಟುವಷ್ಟು ಸಿಹಿ. ಜಾಜಿಕಾಯಿಯ ಸುಳಿವೇ ಇಲ್ಲ. ಕೊನೆಗೆ ಆ ಹೊತ್ತಿದ ವಾಸನೆ, ಚಿತ್ತಾಪುರಕ್ಕಿಂತ ಕಡಿಮೆ, ಆದರೆ ಇತ್ತು. ಹೇಗಿದೆ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪೇಪರಿನಲ್ಲಿ ಬರೆಯುವುದು ಸುಲಭ. ಮಾಡಿದವರ ಮುಖ ನೋಡುತ್ತ ಹೇಳುವುದಿದೆಯಲ್ಲ, ಅದು ಬೇರೆ.

ಅಂಬಣ್ಣ ಒಪ್ಪಲಿಲ್ಲ. ಸಿಟ್ಟೂ ಮಾಡಲಿಲ್ಲ. ನನಗೆ ಹಾಗೆ ಅನ್ನಿಸುವುದಿಲ್ಲ ಎಂದಷ್ಟೇ ಹೇಳಿ, ತಾವು ಈ ಕೆಲಸಕ್ಕೆ ಬಂದ ಕಥೆ ಶುರು ಮಾಡಿದರು. ಅವರಪ್ಪ ಕಾಗಿಣಾ ನದಿಯಲ್ಲಿ ದೋಣಿ ಹಾಕುತ್ತಿದ್ದವರು. ಸೇತುವೆ ಬಂತು, ದೋಣಿ ನಿಂತಿತು. ಊರಿಗೆ ಬಂದು ಈ ಬೇಕರಿಯಲ್ಲಿ ಭಟ್ಟಿಗೆ ಕಟ್ಟಿಗೆ ಹಾಕುವ ಕೆಲಸ ಹಿಡಿದರು. ಆಗಿನ ಮಾಲೀಕರಿಗೆ ಮಕ್ಕಳಿರಲಿಲ್ಲ. ಅಪ್ಪನಿಗೂ ಆಮೇಲೆ ಅಂಬಣ್ಣನಿಗೂ ಕೇಕು ಕಲಿಸಿ, ಕೊನೆಗೆ ಭಟ್ಟಿಯನ್ನೇ ಇವರಿಗೆ ಬಿಟ್ಟುಹೋದರು. ಆ ಮಾಲೀಕರು ಅಳತೆ ಹೇಳುತ್ತಿರಲಿಲ್ಲವಂತೆ. ಹಾಲಿನ ವಾಸನೆ ಬದಲಾದಾಗ ಇಳಿಸು, ಜಾಜಿಕಾಯಿ ಮೂಗಿಗೆ ಬಂದ ಕೂಡಲೇ ತೇಯುವುದು ನಿಲ್ಲಿಸು. ಅಷ್ಟೇ ಪಾಠ.

ಅವರು ಇದನ್ನು ಹೇಳುತ್ತಿರುವಾಗಲೇ ನನಗೆ ವಾಸನೆ ಬಂತು.

ಹಿತ್ತಲಿನ ಕಡೆಯಿಂದ. ಮೊದಲು ಹಾಲು ಉಕ್ಕುವ ವಾಸನೆ, ಆಮೇಲೆ ಸುಡುವ ವಾಸನೆ. ಗ್ಯಾಸಿನ ಮೇಲೆ ಹಾಲಿಟ್ಟಿದ್ದಾರೆ, ತಳ ಹಿಡಿಯುತ್ತಿದೆ. ಹಿತ್ತಲ ಬಾಗಿಲಿಗೆ ಅಂಬಣ್ಣನವರೇ ಹತ್ತಿರ. ಎರಡು ಹೆಜ್ಜೆ ಅಷ್ಟೆ. ಅವರು ಮಾತಾಡುತ್ತಲೇ ಇದ್ದರು. ಭಟ್ಟಿಗೆ ಜಾಲಿ ಕಟ್ಟಿಗೆ ಯಾಕೆ ಬೇಕು ಎಂದು ವಿವರಿಸುತ್ತಿದ್ದರು.

ನಾನು ಶಾಂತಮ್ಮನ ಕಡೆ ನೋಡಿದೆ. ಗಲ್ಲೆ ಬಿಟ್ಟು ಒಳಗಿನ ಬಾಗಿಲಲ್ಲಿ ನಿಂತಿದ್ದರು. ಅವರಿಗೂ ವಾಸನೆ ಬಂದಿದೆ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಕದಲಲಿಲ್ಲ. ಒಲೆಯ ಕಡೆ ನೋಡಲೂ ಇಲ್ಲ. ಗಂಡನನ್ನೇ ನೋಡುತ್ತಿದ್ದರು. ನಾನು ಏಳಲು ಹೋದೆ. ಕಣ್ಣಿನಲ್ಲೇ ಬೇಡ ಅಂದರು.

ಒಂದು ನಿಮಿಷ ಆಗಿರಬಹುದು. ಅಷ್ಟು ಉದ್ದದ ನಿಮಿಷ ನಾನು ಕಂಡಿಲ್ಲ. ವಾಸನೆ ಕೋಣೆ ತುಂಬಿತು. ನನಗೆ ಕೆಮ್ಮು ಬಂತು. ಅಂಬಣ್ಣ ಮಾತು ನಿಲ್ಲಿಸಿ, ನೀರು ಕೊಡಲೇ ಎಂದು ಕೇಳಿದರು.

“ಹಾಲು ಹೊತ್ತಾಕತ್ತದ” ಎಂದರು ಶಾಂತಮ್ಮ.

ಅಂಬಣ್ಣ ಓಡಿದರು. ಗ್ಯಾಸ್ ಆರಿಸಿದ ಸದ್ದು, ಬೋಗಾಣಿ ಕೆಳಗಿಟ್ಟ ಸದ್ದು ಕೇಳಿಸಿತು. ತಿರುಗಿ ಬರಲಿಲ್ಲ. ನಾವೇ ಹೋದೆವು. ಭಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು.

ಎಷ್ಟು ದಿನ ಆಯಿತು ಎಂದು ಶಾಂತಮ್ಮ ಕೇಳಿದರು. ಎರಡು ವರ್ಷ ಎಂದರು. ಒಂದು ಮಳೆಗಾಲದಲ್ಲಿ ಜೋರು ಜ್ವರ ಬಂದಿತ್ತು, ಮೂಗು ಕಟ್ಟಿತ್ತು. ಜ್ವರ ಹೋಯಿತು, ಮೂಗು ಬಿಟ್ಟಿತು, ವಾಸನೆ ಮಾತ್ರ ಬರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರು. ಕೈಗೆ ಅಭ್ಯಾಸ ಇತ್ತಲ್ಲ, ಅದರ ಮೇಲೆ ಕೇಕು ಮಾಡುತ್ತ ಹೋದರು. ಆದರೆ ಹಾಲು ದಿನಾ ಒಂದೇ ಥರ ಇರುವುದಿಲ್ಲ. ಕೆಲವು ದಿನ ತಳ ಹಿಡಿಯುತ್ತಿತ್ತು, ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತಿತ್ತು. ನಾಲಿಗೆಗೆ ಸಿಹಿ ಒಂದು ಗೊತ್ತಾಗುತ್ತಿತ್ತು. ಅದಕ್ಕೇ ಸಕ್ಕರೆ ಹೆಚ್ಚಾಗುತ್ತ ಹೋಯಿತು. ಜಾಜಿಕಾಯಿ ಹೆಚ್ಚಾದರೆ ಕೇಕೇ ಕಹಿ. ಎಷ್ಟು ಬಿತ್ತು ಎಂದು ತಿಳಿಯದ ಮೇಲೆ ಅದನ್ನು ಹಾಕುವುದನ್ನೇ ಬಿಟ್ಟರು.

ನಾನು ಬರೆದ ನಾಲ್ಕು ಸಾಲಿನಲ್ಲಿ ಒಂದೂ ತಪ್ಪಿರಲಿಲ್ಲ. ಆ ಹೊತ್ತಿನಲ್ಲಿ ಅದರಿಂದ ನನಗೇನೂ ಸಮಾಧಾನ ಆಗಲಿಲ್ಲ.

ಶಾಂತಮ್ಮನಿಗೆ ಸಂಶಯ ಹುಟ್ಟಿದ್ದು ಬೋಗಾಣಿಯಿಂದ. ಮೂವತ್ತೈದು ವರ್ಷದ ಸಂಸಾರದಲ್ಲಿ ಒಂದು ಲೋಟ ತೊಳೆಯದ ಮನುಷ್ಯ ಹಾಲಿನ ಬೋಗಾಣಿಯನ್ನು ತಾನೇ ತಿಕ್ಕಿ ಮುಗುಚಿಡಲು ಶುರು ಮಾಡಿದರಂತೆ. ವಯಸ್ಸಾಯಿತು, ಬುದ್ಧಿ ಬಂತು ಎಂದು ಆಕೆ ಅಂದುಕೊಂಡಿದ್ದರು. ಆಕೆಗೆ ಸಕ್ಕರೆ ಕಾಯಿಲೆ. ಕೇಕು ಬಾಯಿಗೆ ಹಾಕದೆ ಆರು ವರ್ಷ. ಗಿರಾಕಿಗಳು ಯಾರೂ ಏನೂ ಹೇಳಲಿಲ್ಲ. ನನ್ನ ಸಾಲು ಓದಿದ ಮೇಲೆ ಬೋಗಾಣಿ ನೆನಪಾಯಿತು. ಹಾಗಾಗಿ ನನ್ನನ್ನು ಕರೆಸಿದ್ದು. ಒಲೆಯ ಮೇಲಿನ ಹಾಲು ಮಾತ್ರ ತಾನು ಬೇಕೆಂದು ಬಿಟ್ಟದ್ದಲ್ಲ ಎಂದು ಆಣೆ ಮಾಡಿದರು. ಅದು ಹೊತ್ತತೊಡಗಿದಾಗ, ಇವತ್ತು ತಿಳಿದುಬಿಡಲಿ ಎಂದು ಸುಮ್ಮನಿದ್ದರಂತೆ.

ಆಮೇಲೆ ಶಾಂತಮ್ಮನಿಗೆ ಗ್ಯಾಸಿನ ನೆನಪಾಯಿತು. ಗ್ಯಾಸ್ ಸೋರಿದರೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದರು. ಅಂಬಣ್ಣ ನೆಲ ನೋಡಿದರು. ಒಮ್ಮೆ ಹಾಗೆ ಆಗಿತ್ತಂತೆ. ಹಿಂದಿನ ಓಣಿಯ ಹೆಂಗಸು ಬಂದು ಗ್ಯಾಸ್ ವಾಸನೆ ಬರುತ್ತಿದೆ ಎಂದಾಗಲೇ ಇವರಿಗೆ ತಿಳಿದದ್ದು. ಅಷ್ಟರಲ್ಲಿ ಇವರು ಭಟ್ಟಿಗೆ ಬೆಂಕಿ ಹಚ್ಚಲು ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದರು.

ಶಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ. ಆಕೆ ಕೇಳಿದ್ದು ಬೇರೆ.

“ಎರಡ ವರ್ಷ ನನ್ನ ಸಾರು ಭಾಳ ಛಲೋ ಆಗ್ಯಾದ ಅಂದ್ರಿ. ಅದೂ ಸುಳ್ಳೇನು?”

ಅಂಬಣ್ಣ ಮೊಣಕೈಯ ಹಿಟ್ಟು ಒರೆಸಿಕೊಂಡರು.

“ಸಾರು ಬಿಸಿ ಇರ್ತಿತ್ತು” ಎಂದರು.

ಶಾಂತಮ್ಮ ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ನಾನು ಭಟ್ಟಿಯ ಕಡೆ ಮುಖ ತಿರುಗಿಸಿದ್ದೆ.

ಯಾಕೆ ಹೇಳಲಿಲ್ಲ ಎಂದು ಕೊನೆಗೆ ನಾನೇ ಕೇಳಿದೆ. ಅವರ ಉತ್ತರ ಬರೆದುಕೊಂಡಿದ್ದೇನೆ. “ಊರೂರಿಂದ ಮಂದಿ ಈ ಕೇಕ್ ಕೇಳಕೊಂಡ ಬರ್ತಾರ. ಮಾಡಾವಗ ವಾಸನೀನೇ ಇಲ್ಲಂದ್ರ ಯಾರ ಬರ್ತಾರ್ರೀ? ಮಂದಿ ಛಲೋ ಅದ ಅಂದ್ರು. ಇರಬಹುದು ಬಿಡು ಅಂತ ನಾನೂ ನಂಬಿದೆ.”

ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆ. ಇದೆ ಎಂದರು. ಬರೆದದ್ದು ಖರೆ, ಆದರೆ ಬರೆಯುವುದಕ್ಕಿಂತ ಮುಂಚೆ ಒಂದು ಫೋನ್ ಮಾಡಬಹುದಿತ್ತು, ಅಂಗಡಿಯ ನಂಬರ್ ಡಬ್ಬಿಯ ಮೇಲೇ ಇದೆ ಎಂದರು. ಒಬ್ಬ ಮನುಷ್ಯನಿಗೆ ನೇರ ಹೇಳಬೇಕಾದ ಮಾತನ್ನು ಊರಿಗೆಲ್ಲ ಹೇಳಿ ಕೂತಿದ್ದೆ. ಅದೂ ಒಂದು ಸಾಲು ಚೆಂದ ಬಂತು ಎಂಬ ಖುಷಿಗೆ.

ಆ ವಾರವೇ ಇಬ್ಬರೂ ಕಲಬುರಗಿಗೆ ಹೋಗಿ ಕಿವಿ, ಮೂಗು, ಗಂಟಲಿನ ಡಾಕ್ಟರನ್ನು ಕಂಡರು. ಜ್ವರ ಬಂದು ಹೋದ ಮೇಲೆ ಕೆಲವರಿಗೆ ಹೀಗಾಗುತ್ತದಂತೆ. ಆಗಲೇ ಬಂದಿದ್ದರೆ ಒಳ್ಳೆಯದಿತ್ತು, ಈಗ ಖಾತ್ರಿ ಹೇಳಲಾಗದು ಎಂದರಂತೆ. ದಿನಾ ಬೆಳಿಗ್ಗೆ ಸಂಜೆ ನಾಲ್ಕೈದು ಬಗೆಯ ಘಾಟು ಪದಾರ್ಥ ಮೂಸಿ ಮೂಗಿಗೆ ಅಭ್ಯಾಸ ಮಾಡಿಸಬೇಕು. ಅಂಬಣ್ಣ ಲವಂಗ, ನಿಂಬೆಸಿಪ್ಪೆ, ನೀಲಗಿರಿ ಎಣ್ಣೆ ಮುಂದಿಟ್ಟುಕೊಂಡು ಕೂಡುತ್ತಾರೆ. ಲವಂಗ ಜರಾ ಚುಚ್ಚಿದ ಹಾಗಾಗುತ್ತದೆ ಎನ್ನುತ್ತಾರೆ. ಉಳಿದದ್ದು ಏನೂ ಇಲ್ಲ.

ಬೇಕರಿ ನಿಲ್ಲಿಸುವ ಮಾತೂ ಬಂತು. ಎರಡು ದಿನ ಬಾಗಿಲು ಹಾಕಿದರು. ಶಹಾಬಾದದ ಜನ ಬಂದು ಬಂದು ಕದ ನೋಡಿ ಹೋದರಂತೆ. ಮೂರನೇ ದಿನ ಶಾಂತಮ್ಮ ಗಲ್ಲೆಯನ್ನು ಸೊಸೆಗೆ ಒಪ್ಪಿಸಿ ಹಿತ್ತಲಿಗೆ ಬಂದರು. ಸಕ್ಕರೆ ಕಾಯಿಲೆಯವರು ತಿನ್ನಬಾರದು. ಮೂಸಬಾರದು ಎಂದು ಯಾವ ಡಾಕ್ಟರೂ ಹೇಳಿಲ್ಲವಲ್ಲ?

ಆದರೆ ಇದು ಸಿನಿಮಾದಲ್ಲಿ ಆಗುವಷ್ಟು ಸಲೀಸಾಗಿ ಆಗಲಿಲ್ಲ. ಆಕೆಗೆ ಅಡಿಗೆಯ ಮೂಗು ಇತ್ತು, ಕಸ್ಟರ್ಡಿನ ಮೂಗು ಇರಲಿಲ್ಲ. ಮೊದಲ ವಾರ ಹಾಲು ಹಸಿಯಿರುವಾಗಲೇ ಇಳಿಸಲು ಹೇಳಿದರು. ಕಸ್ಟರ್ಡ್ ನೀರಾಯಿತು. ಅಂಬಣ್ಣ ರೇಗಿದರು. ಆಮೇಲೆ ತಡ ಮಾಡಿದರು, ಗಂಟು ಗಂಟಾಯಿತು. ಅವರು ಮತ್ತೆ ರೇಗಿದರು. ಜಾಜಿಕಾಯಿಯ ದಿನವಂತೂ ಮಾತು ಬಿಟ್ಟಿದ್ದರಂತೆ. ಇಷ್ಟು ಸಾಕು ಎಂದು ಆಕೆ, ಸಾಲದು ಎಂದು ಇವರು. ವಾಸನೆ ಬರುವುದು ಯಾರಿಗೆ ಎಂದು ಆಕೆ ಕೇಳಿದರು. ಮಾತು ಅಲ್ಲಿಗೆ ನಿಂತಿತು. ಕೇಳಿದ್ದಕ್ಕೆ ಆಕೆ ಸಂಜೆ ತನಕ ನೊಂದುಕೊಂಡರು.

ಇನ್ನೊಂದು ತೊಡಕು ರುಚಿ ನೋಡುವವರದು. ಇಬ್ಬರಿಗೂ ಆಗುವುದಿಲ್ಲ. ಸೊಸೆ ಮಾವನ ಎದುರು ಎಲ್ಲವೂ ಛಲೋ ಎನ್ನುತ್ತಾಳೆ. ಎದುರಿನ ಚಹಾದಂಗಡಿಯವರನ್ನು ಕರೆದರು. ಅವರು ಮೊದಲ ದಿನವೂ ಭಾಳ ಛಲೋ ಎಂದರು, ಗಂಟು ಕಟ್ಟಿದ ದಿನವೂ ಭಾಳ ಛಲೋ ಎಂದರು. ಅವರನ್ನು ಕೈಬಿಟ್ಟರು. ಕೊನೆಗೆ ಸಿಕ್ಕದ್ದು ಎಮ್ಮೆಯ ಹಾಲು ತರುವ ನಾಗಮ್ಮ. ಯಾರ ಮುಲಾಜೂ ಇಲ್ಲದವಳು. ಬೆಳಿಗ್ಗೆ ಒಂದು ತುಂಡು ಬಾಯಿಗೆ ಹಾಕಿಕೊಂಡು, ಕ್ಯಾನು ಎತ್ತಿಕೊಳ್ಳುತ್ತ ಫೈಸಲಾ ಹೇಳಿ ಹೋಗುತ್ತಾಳೆ. ಸಕ್ಕರೆ ಜಾಸ್ತಿ. ಇವತ್ತು ಬರಾಬರಿ. ಇದು ದನಕ್ಕೆ ಹಾಕ್ರಿ. ಹೀಗೆ.

ಹೋದ ಭಾನುವಾರ ಮತ್ತೆ ಹೋಗಿದ್ದೆ. ಈ ಸಲ ಫೋನ್ ಮಾಡಿಯೇ ಹೋದೆ. ಹಿತ್ತಲಿನಲ್ಲಿ ನಿಂತು ನೋಡಿದೆ. ಅಂಬಣ್ಣ ಉದ್ದನೆಯ ಸೌಟಿನಿಂದ ತಿರುವುತ್ತಿದ್ದರು. ಶಾಂತಮ್ಮ ಬೋಗಾಣಿಯ ಮೇಲೆ ಬಾಗಿ, ಸೆರಗು ಹಿಂದಕ್ಕೆ ಹಿಡಿದು ನಿಂತಿದ್ದರು. ಹಾಲು ಕುದಿಯುವ ಸದ್ದು ಮಾತ್ರ. “ಹೂಂ” ಎಂದರು ಶಾಂತಮ್ಮ. ಅಂಬಣ್ಣ ಇಳಿಸಿದರು. ಅಷ್ಟೇ. ಗ್ಯಾಸಿನ ನಾಬು ತಿರುಗಿಸಿ, ಆರಿದೆಯೋ ಇಲ್ಲವೋ ಎಂದು ಆಕೆಯೇ ಎರಡು ಸಲ ನೋಡಿದರು.

ಇನ್ನು ಅಸಲು ಪ್ರಶ್ನೆ. ಪೀಲಾ ಕೇಕ್ ಅಷ್ಟು ಹೆಸರಿಗೆ ಯೋಗ್ಯವೇ?

ತಿಂದೆ. ಪೂರ್ತಿ ತಿಂದೆ, ಎರಡು ದಿನದ ಮೇಲೆ ಇನ್ನೊಂದು ತರಿಸಿಯೂ ತಿಂದೆ. ಮೇಲಿನ ಪದರ ಒಳ್ಳೆಯದು. ಕಸ್ಟರ್ಡ್ ಗಟ್ಟಿಯಾಗಿ, ಹದವಾಗಿ, ಜಾಜಿಕಾಯಿ ಬಾಯಿ ಮುಚ್ಚಿದ ಮೇಲೆ ಮೂಗಿಗೆ ಬರುವಷ್ಟಿದೆ. ಅಂಚು ಸ್ವಲ್ಪ ಒಣಗಿದೆ. (ಅಂಚು ಯಾವಾಗಲೂ ಹಾಗೇ ಇತ್ತು ಎಂದು ಅಂಬಣ್ಣ ಹೇಳುತ್ತಾರೆ. ಇರಬಹುದು.) ಈ ಸುತ್ತಮುತ್ತ ಯಾವ ಬೇಕರಿಯಲ್ಲೂ ಇಂಥದ್ದು ಸಿಗುವುದಿಲ್ಲ. ಜನ ಹೇಳುವಂತೆ, ಒಂದು ತುಂಡು ತಿಂದರೆ ಜನ್ಮ ಸಾರ್ಥಕ ಎನ್ನುವಂಥದ್ದೂ ಅಲ್ಲ. ಒಳ್ಳೆಯ ಕೇಕು. ಬಿಸಿಲಿನ ಊರಿನಲ್ಲಿ, ಒಂದು ಭಟ್ಟಿಯ ಎದುರು, ಎರಡು ತಲೆಮಾರು ಕೈ ಕೆಡದಂತೆ ಕಾಪಾಡಿಕೊಂಡ ಕೇಕು. ಅಷ್ಟಕ್ಕೆ ಹೆಸರು ಬಂದಿದ್ದರೆ ಬಂದದ್ದು ಸರಿಯೇ.

ನಾನು ಬಾಲ್ಯದಲ್ಲಿ ತಿಂದದ್ದು ಇದಕ್ಕಿಂತ ರುಚಿಯಾಗಿತ್ತು. ಅದರಲ್ಲಿ ಅಪ್ಪನ ಪಾಲಿತ್ತು. ಅದನ್ನು ಬೇಕರಿಯಿಂದ ಕೇಳುವುದು ನ್ಯಾಯವಲ್ಲ.

ಇದನ್ನೆಲ್ಲ ಬರೆಯಲೇ ಎಂದು ಅಂಬಣ್ಣನವರನ್ನು ಕೇಳಿದೆ. ಯೋಚಿಸಲು ಮೂರು ದಿನ ತೆಗೆದುಕೊಂಡರು. ಬರೆಯಿರಿ, ಆದರೆ ಬೇಕರಿಯ ಹೆಸರು ಹಾಕಿ ಜಾಹೀರಾತು ಮಾಡಬೇಡಿ ಎಂದರು. ಮೂಗಿನ ವಿಷಯವನ್ನೂ ಬರೆಯಲೇ ಎಂದೆ. ಅದನ್ನೇ ಬರೆಯಿರಿ ಎಂದರು. ಈಗ ಗಲ್ಲೆಯ ಮುಂದೆ ನಿಂತವರಿಗೆಲ್ಲ ತಾವೇ ಹೇಳುತ್ತಾರಂತೆ, ನನಗೆ ವಾಸನೆ ಬರುವುದಿಲ್ಲ, ಹೆಚ್ಚುಕಮ್ಮಿ ಆದರೆ ಹೇಳಿಹೋಗಿ ಎಂದು. ಗಿರಾಕಿ ಕಡಿಮೆಯಾಗಿದ್ದಾರೆಯೇ ಎಂದು ಶಾಂತಮ್ಮನನ್ನು ಕೇಳಿದೆ. ಕೆಲವರು ಬರುವುದು ಬಿಟ್ಟಿದ್ದಾರೆ ಎಂದರು. ಕೆಲವರು ಹೊಸದಾಗಿ ಬರುತ್ತಿದ್ದಾರೆ, ಅವರಲ್ಲಿ ಅರ್ಧ ಜನ ತಿನ್ನಲು, ಅರ್ಧ ಜನ ಬುದ್ಧಿ ಹೇಳಲು.

ಮನೆಗೆ ಬಂದ ಮೇಲೆ ಫೋನಿನಲ್ಲಿದ್ದ ಆ ಪರ್ಸನಲ್ ಮೆಸೇಜುಗಳನ್ನು ಮತ್ತೆ ತೆಗೆದು ಓದಿದೆ. ಎರಡು ವರ್ಷದಿಂದ ರುಚಿ ಕೆಟ್ಟಿತ್ತು ಎಂದು ಬರೆದವರು. ಅವರಲ್ಲಿ ಇಬ್ಬರು ಶಹಾಬಾದದವರೇ. ಒಬ್ಬರು ವಾರಕ್ಕೊಮ್ಮೆ ಅದೇ ಗಲ್ಲೆಯ ಮುಂದೆ ನಿಂತು ಡಬ್ಬಿ ಕಟ್ಟಿಸಿಕೊಳ್ಳುವವರು. ಅವರಿಗೆ ಫೋನ್ ಮಾಡಿ, ಅಂಬಣ್ಣನವರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅಷ್ಟು ಹೆಸರು ಮಾಡಿದವರಿಗೆ ನಾವು ಹೇಗೆ ಹೇಳುವುದು, ಗೌರವ ಅಲ್ಲವೇ ಎಂದರು.

ಎರಡು ವರ್ಷ ಒಬ್ಬ ಮನುಷ್ಯ ತನ್ನ ಕಷ್ಟವನ್ನು ಒಬ್ಬನೇ ಮುಚ್ಚಿಟ್ಟುಕೊಂಡು ಕೂರುವಂತೆ ಮಾಡಿದ್ದಕ್ಕೆ ನಾವೆಲ್ಲ ಸೇರಿ ಇಟ್ಟ ಹೆಸರು ಗೌರವವೇ?